ಬಾಡಿಗೆಗೆಂದು ಹೋಗಿ ಕೊಂಡು ಬಂದ ಮನೆ

೧೯೪೨ನೇ ಇಸವಿಯಲ್ಲಿ ನಾನು ಮಳವಳ್ಳಿಯಲ್ಲಿ ಸರ್ಕಾರಿ ಡಾಕ್ಟರಾಗಿದ್ದೆ. ವಯಸ್ಸು ಮೂವತ್ತೆರಡು, ಸರ್ವಿಸಿಗೆ ಸೇರಿ ಆರು ವರ್ಷ. ದವಾಖಾನೆಯಲ್ಲಿ ನಾನು, ಒಬ್ಬ ಕಾಂಪೌಂಡರು, ಗಾಯ ಕಟ್ಟುವ ಒಬ್ಬ ಡ್ರೆಸರ್, ಇಷ್ಟೇ ಜನ. ಆಮೇಲೆ ಹತ್ತು ಊರು ಸುತ್ತಿ ನಿವೃತ್ತನಾದೆ. ಮರೆಯಲಾಗದ ಕೇಸು ಯಾವುದೆಂದು ಈಗ ಯಾರಾದರೂ ಕೇಳಿದರೆ, ಅವರು ಪ್ಲೇಗನ್ನೋ ಹಾವಿನ ಕಡಿತವನ್ನೋ ನಿರೀಕ್ಷಿಸಿರುತ್ತಾರೆ. ನಾನು ಹೇಳುವುದು ಸಮುದ್ರದ ದಂಡೆಯ ಒಂದು ಮನೆಯ ವಿಷಯ. ಆ ಮನೆಯನ್ನು ನಾನು ಇವತ್ತಿನವರೆಗೂ ನೋಡಿಲ್ಲ.

ಬೆಳಕವಾಡಿ ರಸ್ತೆಯ ಒಂದು ಹಳ್ಳಿಯಲ್ಲಿ ಬೋರೇಗೌಡರೆಂಬ ಪಟೇಲರಿದ್ದರು. ಗದ್ದೆ, ಕಬ್ಬು, ಎರಡು ಜೊತೆ ಎತ್ತು, ತುಂಬಿದ ಮನೆ. ಅವರ ಹೆಂಡತಿ ಚಿಕ್ಕತಾಯಮ್ಮನವರಿಗೆ ನಲವತ್ತರ ಆಸುಪಾಸು. ಒಬ್ಬಳೇ ಮಗಳನ್ನು ಕೆರಗೋಡಿಗೆ ಕೊಟ್ಟಿದ್ದರು. ಚಿಕ್ಕತಾಯಮ್ಮನವರಿಗೆ ಉಬ್ಬಸ, ನಾವು ಆಸ್ತಮಾ ಎನ್ನುತ್ತೇವಲ್ಲ, ಅದು. ಬೇಸಿಗೆಯಲ್ಲಿ ನಾಲ್ಕಾಳಿನ ಕೆಲಸ ಮಾಡುವ ಹೆಂಗಸು, ಚಳಿ ಬಿತ್ತೆಂದರೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಬೇಕು. ಭತ್ತದ ಕೊಯ್ಲಿಗೆ ಶುರುವಾದದ್ದು ಶಿವರಾತ್ರಿವರೆಗೆ ಬಿಡುತ್ತಿರಲಿಲ್ಲ.

ಈಗಿನಂತೆ ಬಾಯಿಗೆ ಹಿಡಿದು ಒತ್ತುವ ಔಷಧಿ ಆಗ ಇರಲಿಲ್ಲ. ಸಾಧಾರಣ ಉಬ್ಬಸಕ್ಕೆ ಎಫಿಡ್ರಿನ್ ಮಾತ್ರೆ, ಉಮ್ಮತ್ತಿ ಎಲೆಯ ಪುಡಿಯ ಹೊಗೆ. ಜೋರಾಗಿ ಬಂದರೆ ಅಡ್ರಿನಲಿನ್ ಇಂಜೆಕ್ಷನ್. ಸಣ್ಣ ಗಾಜಿನ ಆಂಪ್ಯೂಲಿನಲ್ಲಿ ಬರುತ್ತಿದ್ದ ಈ ಔಷಧಿ ಕೊಟ್ಟ ಹತ್ತು ನಿಮಿಷಕ್ಕೆ ಕಟ್ಟಿದ ಉಸಿರು ಬಿಡುತ್ತಿತ್ತು. ಹಿಂದಿನ ಚಳಿಗಾಲದಲ್ಲಿ ಎರಡು ಸಲ ಆಕೆಯನ್ನು ಉಳಿಸಿದ್ದು ಅದೇ. ಆದರೆ ಯುದ್ಧ ಬಂದು ಹಡಗುಗಳ ಓಡಾಟ ಏರುಪೇರಾಗಿ ಔಷಧಿ ಬರುವುದೇ ಕಡಿಮೆಯಾಯಿತು. ಡಜನ್ ಕೇಳಿದರೆ ಎರಡು ಕೊಡುತ್ತಿದ್ದರು. ಆ ಬೇಸಿಗೆಯಲ್ಲಿ ಬೀರು ತೆಗೆದು ನೋಡಿದಾಗ, ಮುಂದಿನ ಚಳಿಗೆ ಈಕೆಗೆ ಏನು ಕೊಡಲಿ ಎಂಬ ಚಿಂತೆ ಹತ್ತಿತು.

ದಾರಿ ತೋರಿಸಿದ್ದು ಚಿಕ್ಕತಾಯಮ್ಮನವರೇ. ಎರಡು ವರ್ಷದ ಹಿಂದೆ, ಪುಷ್ಯದ ಚಳಿಯಲ್ಲಿ, ತವರಿನವರ ಜೊತೆ ಗೋಕರ್ಣಕ್ಕೆ ಹೋಗಿ ಹತ್ತು ದಿನ ಇದ್ದು ಬಂದಿದ್ದರಂತೆ. “ಆ ಅತ್ತು ದಿನ ನಾನು ಕಾಲು ಚಾಚಿ ಮನೀಕಂಡಿದ್ದೆ ಡಾಕ್ಟ್ರಪ್ಪ. ಅಲ್ಲಿ ಚಳೀನೇ ಇಲ್ಲ. ಊರಿಗ್ ಬಂದ ಮಾರ್ನೆ ದಿನವೇ ಸುರುವಾಯ್ತು” ಎಂದರು. ಹವಾ ಬದಲಾವಣೆಯಿಂದ ಕೆಲವರಿಗೆ ಆಸ್ತಮಾ ಬಿಡುತ್ತದೆಂದು ನಮ್ಮ ಪುಸ್ತಕಗಳಲ್ಲೂ ಇತ್ತು. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ: ಕೊಯ್ಲಿಗೆ ಮುಂಚೆ ಕರಾವಳಿಗೆ ಹೋಗಿ, ಬಾಡಿಗೆಗೆ ಒಂದು ಮನೆ ಹಿಡಿದು ಶಿವರಾತ್ರಿವರೆಗೆ ಇರಿ. ಮಂಗಳೂರಿನಲ್ಲಿ ನನ್ನ ಸಹಪಾಠಿ ಡಾಕ್ಟರೊಬ್ಬ ಪ್ರಾಕ್ಟೀಸ್ ಮಾಡುತ್ತಿದ್ದ, ಅವನಿಗೆ ಬರೆಯುತ್ತೇನೆ ಎಂದೆ.

ಗೌಡರ ಮುಖ ಗಂಟಿಕ್ಕಿತು. “ಬಾಡ್ಗೆ ಮನೇನಾ? ನಂಗೇನ್ ಮನೆ ಇಲ್ವಾ ಸ್ವಾಮಿ? ಬೋರೇಗೌಡ ಎಂಡ್ರುನ್ನ ತಕ್ಕೊಂಡೋಗಿ ಎಲ್ಲೋ ಬಾಡ್ಗೆ ಮನೇಲಿ ಮಡಗವ್ನೆ ಅಂತ ಜನ ಏನೇನ್ ಆಡ್ಕಬೌದು, ನೀವೇ ಯೋಚ್ನೆ ಮಾಡಿ.”

“ಆಡ್ಕಳೋರು ಆಡ್ಕಳ್ಳಿ. ಉಸ್ರು ಕಟ್ಟಾದು ಅವ್ರಿಗಾ, ನಂಗಾ?” ಎಂದು ಚಿಕ್ಕತಾಯಮ್ಮ ಗಂಡನ ಬಾಯಿ ಮುಚ್ಚಿಸಿ ನನ್ನ ಕಡೆ ತಿರುಗಿದರು. “ಅದ್ಸರಿ, ಸಮುದ್ರದ್ ನೀರು ಉಪ್ಪಂತಲ್ಲ ಡಾಕ್ಟ್ರಪ್ಪ. ಅಲ್ಲಿ ದನುಕ್ಕೆ ಏನ್ ಕುಡುಸ್ತಾರೆ?”

ಬಾವಿ ನೀರು ಸಿಹಿಯಾಗಿಯೇ ಇರುತ್ತದೆಂದು ಹೇಳಿದೆ. ಆಕೆಗೆ ನಂಬಿಕೆ ಬಂದಂತೆ ಕಾಣಲಿಲ್ಲ. ರಾಗಿ ಸಿಗುತ್ತದೋ ಇಲ್ಲವೋ ಎಂದು ಕೇಳಿ, ಸಿಗುವುದು ಕಷ್ಟ ಎಂದಾಗ, ಒಂದು ಮೂಟೆ ಬೀಸಿಸಿಕೊಂಡೇ ಹೋಗುವುದೆಂದು ಅಲ್ಲೇ ತೀರ್ಮಾನಿಸಿದರು.

ಮಹಾನವಮಿ ಹಬ್ಬ ಕಳೆದ ಮೇಲೆ ಗೌಡರು ನನ್ನ ಕಾಗದ ತೆಗೆದುಕೊಂಡು ಹೊರಟರು. ಮದ್ದೂರಿನಲ್ಲಿ ರೈಲು ಹತ್ತಿ ಮೈಸೂರು, ಅಲ್ಲಿಂದ ಮಡಿಕೇರಿ ಮೇಲೆ ಮಂಗಳೂರಿಗೆ ಬಸ್ಸು. ನನ್ನ ಸ್ನೇಹಿತ ಊರಾಚೆ ಸಮುದ್ರದ ಹತ್ತಿರ ಒಬ್ಬ ನಿವೃತ್ತ ಮೇಷ್ಟರ ಮನೆ ನೋಡಿಟ್ಟಿದ್ದ. ನಾಲ್ಕು ತಿಂಗಳ ಮಾತಿಗೆ ಬಾಡಿಗೆ ಗೊತ್ತಾಗಿತ್ತು. ಗೌಡರು ನಾಲ್ಕು ದಿನದಲ್ಲಿ ಬರಬೇಕಾದವರು ಎರಡು ವಾರ ಕಳೆದು ಬಂದರು. ಊರಿಗೂ ಹೋಗದೆ ನೇರ ದವಾಖಾನೆಗೆ ಬಂದು ನನ್ನ ಮೇಜಿನ ಮೇಲೆ ಒಂದು ದಪ್ಪ ಕಾಗದ ಇಟ್ಟರು.

“ತಕ್ಕೊಂಬುಟ್ಟೆ ಸ್ವಾಮಿ.”

“ಏನನ್ನು?”

“ಮನೇನ. ಮೇಷ್ಟ್ರು ಮಗನ ತಾವ್ಕೆ ಮುಂಬಯಿಗೆ ಓಯ್ತಾರಂತೆ, ಮಾರ್ಬುಡ್ತೀನಿ ಅಂದ್ರು. ಇವಳ ಎಸ್ರಿಗೇ ರಿಜಿಸ್ಟ್ರಿ ಮಾಡಿಸ್ದೆ. ಇನ್ನು ಯಾವನೂ ಬಾಡ್ಗೆ ಮನೆ ಅನ್ನಂಗಿಲ್ಲ.”

ಹಂಚಿನ ಮನೆ, ಮುಂದೆ ಮರಳಿನ ಅಂಗಳ, ಹದಿನಾಲ್ಕು ತೆಂಗಿನ ಮರ. ಗೌಡರು ಬರೀ ಮೈಯಲ್ಲಿ ಜಗುಲಿಯ ಮೇಲೆ ಮಲಗಿ ನೋಡಿದ್ದರಂತೆ, ಬೆಳಗಿನ ಜಾವಕ್ಕೂ ಹೊದಿಕೆ ಬೇಕೆನ್ನಿಸಲಿಲ್ಲವಂತೆ. ಹೆಂಡತಿಯ ಮೇಲಿನ ಅಕ್ಕರೆಯನ್ನು ನಮ್ಮ ಕಡೆಯ ಗಂಡಸರು ಬಾಯಿಬಿಟ್ಟು ಹೇಳುವವರಲ್ಲ. ಇವರು ರಿಜಿಸ್ಟರ್ ಮಾಡಿಸಿಕೊಂಡು ಬಂದಿದ್ದರು. ನನಗೂ ಸಂತೋಷವಾಗಿ, “ಬಹಳ ಒಳ್ಳೆಯ ಕೆಲಸ ಮಾಡಿದಿರಿ ಗೌಡರೇ” ಎಂದೆ. ಆ ಕಾಗದವನ್ನು ಎರಡೆರಡು ಸಲ ಓದಿ, ಕಾಂಪೌಂಡರಿಗೂ ಓದಲು ಕೊಟ್ಟೆ. ಯಾವತ್ತು ಹೊರಡುತ್ತೀರಿ ಎಂದು ಮಾತ್ರ ಕೇಳಲಿಲ್ಲ.

ಅದರ ಮುಂದಿನ ವಾರವೇ ನನ್ನನ್ನು ಮಲೇರಿಯಾ ಕೆಲಸಕ್ಕೆ ಮದ್ದೂರಿನ ಕಡೆಗೆ ಹಾಕಿದರು. ನಾಲೆ ನೀರು ಬಂದಲ್ಲೆಲ್ಲಾ ಸೊಳ್ಳೆಯೂ ಬಂದಿತ್ತು. ಹಳ್ಳಿ ಹಳ್ಳಿ ತಿರುಗಿ ಮಕ್ಕಳ ಹೊಟ್ಟೆ ಮುಟ್ಟಿ ಗುಲ್ಮ, ಅಂದರೆ ಸ್ಪ್ಲೀನು, ಬೆಳೆದಿದೆಯೇ ನೋಡುವುದು, ಕ್ವಿನೈನ್ ಹಂಚುವುದು, ಹೀಗೆ ಆರು ವಾರ ಕಳೆಯಿತು. ಚಳಿ ಹೆಚ್ಚಾದಂತೆಲ್ಲಾ, ಸದ್ಯ ಚಿಕ್ಕತಾಯಮ್ಮನವರಾದರೂ ಸಮುದ್ರದ ಹತ್ತಿರ ಕಾಲು ಚಾಚಿ ಮಲಗಿರುತ್ತಾರಲ್ಲ ಎಂದುಕೊಳ್ಳುತ್ತಿದ್ದೆ. ಆ ವರ್ಷ ನಾನು ಮಾಡಿದ ಒಂದು ಸರಿಯಾದ ಕೆಲಸ ಅದು ಎಂಬ ಹೆಮ್ಮೆಯೂ ಇತ್ತು, ಯಾಕೆ ಸುಳ್ಳು ಹೇಳಲಿ.

ಮಳವಳ್ಳಿಗೆ ವಾಪಸು ಬಂದಾಗ ಧನುರ್ಮಾಸ ಹುಟ್ಟಿ ಎಂಟು ದಿನವಾಗಿತ್ತು. ಯಾರಿಗೋ ಕಾಲು ಮುರಿದಿದೆಯೆಂದು ಬೆಳಕವಾಡಿ ಕಡೆ ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ರಸ್ತೆ ಪಕ್ಕದ ಕಣದಲ್ಲಿ ಭತ್ತ ತೂರುತ್ತಿದ್ದರು. ಹೊಟ್ಟಿನ ಧೂಳು ಬಿಸಿಲಿಗೆ ಎದ್ದು ನಿಂತಿತ್ತು. ಅದರ ನಡುವೆ ಸೆರಗನ್ನು ಮೂಗು ಬಾಯಿಗೆ ಬಿಗಿದುಕೊಂಡು, ಮೊರ ಹಿಡಿದು, ಆಳುಗಳಿಗೆ ಏನೋ ಗದರುತ್ತಿದ್ದ ಹೆಂಗಸು ಚಿಕ್ಕತಾಯಮ್ಮ. ನಾನು ಸೈಕಲ್ ಅಲ್ಲೇ ಕೆಡವಿ ಓಡಿದೆ.

“ಅಮ್ಮಾ, ನೀವಿನ್ನೂ ಇಲ್ಲೇ ಇದ್ದೀರಾ?”

“ಮನೆ ಒಕ್ಕಲಾಗ್ದೆ ಎಂಗೋಗಾದು ಡಾಕ್ಟ್ರಪ್ಪ?” ಎಂದರು. ಒಂದೊಂದು ಮಾತಿಗೂ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. “ಕಾರ್ತೀಕದಲ್ಲಿ ಒಂದಿನ ಇಟ್ಕೊಟ್ಟಿದ್ರು ಜೋಯಿಸ್ರು. ಆಗ ಎಲ್ರ ಗದ್ದೇಲೂ ಕೊಯ್ಲು. ನಂಟ್ರು ನಾರಿ ಇಲ್ದೆ ಮನೆ ಒಕ್ಕಲಾಗಾಕಾಯ್ತದಾ? ಮಾಗಕ್ಕೆ ಇಟ್ಕಂಡಿವಿ. ಎರ್ಡು ಬಸ್ಸು ಮಾಡ್ಕಂಡು ಊರೇ ಬತ್ತದೆ. ನೀವೂ ಬರ್ಬೇಕು.”

“ಮಾಘದವರೆಗೆ?”

“ಅದ್ಗಂಟ ನಿಮ್ ಸೂಜಿ ಅದಲ್ಲ.”

ನನ್ನ ಸೂಜಿ ಇತ್ತು. ಬೀರುವಿನಲ್ಲಿ ಅಡ್ರಿನಲಿನ್ ಆಂಪ್ಯೂಲುಗಳು ನಾಲ್ಕು ಇದ್ದವು. ಬಾಡಿಗೆ ಮನೆಯಾಗಿದ್ದರೆ ಗಂಟು ಮೂಟೆ ಕಟ್ಟಿಕೊಂಡು ಹೋಗಿಬಿಡುತ್ತಿದ್ದವರು, ಮನೆ ಸ್ವಂತದ್ದಾದ್ದರಿಂದ ನಿಂತುಬಿಟ್ಟಿದ್ದರು. ಸ್ವಂತ ಮನೆಗೆ ಮುಹೂರ್ತ ಬೇಕು, ಹಾಲುಕ್ಕಬೇಕು, ನಂಟರು ಉಣ್ಣಬೇಕು. ಹಳೇ ಮೈಸೂರಿನಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿಲ್ಲದ ವಿಷಯವಲ್ಲ. ಪತ್ರ ಓದುವಾಗ ಹೊಳೆದಿರಲಿಲ್ಲ, ಅಷ್ಟೇ.

ಅವತ್ತೇ ಜೋಯಿಸರ ಮನೆಗೆ ಹೋದೆ. ಮೂಢ ಮನುಷ್ಯನೊಬ್ಬ ಸಿಕ್ಕುತ್ತಾನೆ, ಜಗಳವಾಡೋಣ ಎಂದುಕೊಂಡೇ ಹೋದೆ. ಸಿಕ್ಕಿದವರು ಮೃದು ಸ್ವಭಾವದ ಮುದುಕರು. ನನ್ನ ಮಾತು ಪೂರ್ತಿ ಕೇಳಿ ಪಂಚಾಂಗ ಮುಚ್ಚಿಟ್ಟರು. “ಬಾಡಿಗೆಯದಾಗಿದ್ದರೆ ಅದು ಛತ್ರವಿದ್ದ ಹಾಗೆ ಡಾಕ್ಟರೇ. ಒಂದು ದೀಪ ಹಚ್ಚಿ ಒಳಗೆ ಹೋಗುತ್ತಿದ್ದರು, ನನ್ನನ್ನು ಕೇಳುತ್ತಲೂ ಇರಲಿಲ್ಲ. ಧನುರ್ಮಾಸದಲ್ಲಿ ಗೃಹಪ್ರವೇಶ ಇಲ್ಲ ನಿಜ. ಆದರೆ ಪ್ರಾಣಾಪಾಯ ಅಂದಮೇಲೆ ಯಾವ ದೋಷವೂ ಇಲ್ಲ. ನಡೆಯಿರಿ, ನಾನೇ ಬಂದು ಹೇಳುತ್ತೇನೆ” ಎಂದರು. ಮಾರನೆಯ ದಿನ ಗಾಡಿಯಲ್ಲಿ ನನ್ನ ಜೊತೆ ಬಂದು, ಜಗುಲಿಯ ಮೇಲೆ ಕೂತು, ಅದನ್ನೇ ಹೇಳಿದರು.

ಗೌಡರು ತಕ್ಷಣ ಒಪ್ಪಿದರು. ಒಪ್ಪದವರು ಚಿಕ್ಕತಾಯಮ್ಮ.

“ನೀವು ದೋಸ ಇಲ್ಲ ಅಂತೀರಿ ಜೋಯಿಸ್ರೇ, ದೊಡ್ಡೋರು. ಆದ್ರೆ ಅದು ನನ್ನೆಸರಿನ ಮನೆ. ಈ ಸುತ್ತಿನಲ್ಲಿ ಯಾವ್ ಎಂಗಸಿನ ಎಸರಲ್ಲಿ ಮನೆ ಅದೆ ಯೋಳಿ? ಅಂತಾ ಮನೆಗೆ ಸೂನ್ಯ ಮಾಸದಲ್ಲಿ ನಾನೇ ಕಳ್ಳಿ ಅಂಗೆ ನುಗ್ಲಾ? ಒಸ್ಲಿಗೆ ಒಂದು ಅರಿಸಿನ ಕುಂಕುಮ ಇಲ್ದೆ?” ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು ಮತ್ತೆ ಹೇಳಿದರು: “ನಾಳೆ ಮಗಳಿಗೆ ಏನಾರಾ ಆದ್ರೆ ಅದ್ಕೆ ಆಯ್ತು ಅಂತ ನನ್ ಮನಸ್ಸೇ ನನ್ನ ತಿನ್ತದೆ. ಇಪ್ಪತ್ತು ದಿನ ತಾನೇ ಸಂಕ್ರಾಂತಿಗೆ, ಅದಾದ್ಮೇಲೆ ಮಾಗ ಬಂದೇ ಬತ್ತದೆ. ತಡ್ಕತೀನಿ.”

ನಾನು ಗದರಿದೆ, ಬೇಡಿಕೊಂಡೆ. ಅವರ ಜೀವ ಉಳಿಸಲು ನನ್ನ ಹತ್ತಿರ ಎಷ್ಟು ಆಂಪ್ಯೂಲು ಉಳಿದಿದೆ ಎಂದೂ ಹೇಳಿಬಿಟ್ಟೆ, ಡಾಕ್ಟರಾದವನು ಹೇಳಬಾರದ ಮಾತು ಅದು. ಆಕೆ ನನಗೇ ಸಮಾಧಾನ ಹೇಳಿ, ಮಜ್ಜಿಗೆ ತರಿಸಿಕೊಟ್ಟರು. ಅಲ್ಲಿದ್ದ ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವ ಹಾಗಿರಲಿಲ್ಲ. ಎಲ್ಲರೂ ಒಳ್ಳೆಯವರೇ ಆಗಿದ್ದರು.

ಕೊನೆಗೆ ಗೌಡರೇ ಒಂದು ಉಪಾಯ ಹೇಳಿದರು. “ಆ ಮನೆ ಪಕ್ಕದಲ್ಲಿ ಇನ್ನೊಂದು ಮನೆ ಬಾಡ್ಗೆಗೆ ಹಿಡಿಸ್ರಿ ಸ್ವಾಮಿ. ಮಾಗದಗಂಟ ಅಲ್ಲಿರ್ತಾಳೆ. ಜನ ಏನಾರಾ ಅಂದ್ಕಳ್ಳಿ, ನಂಗೇನೂ ಬೇಕಿಲ್ಲ.” ಬಾಡಿಗೆ ಎಂಬ ಮಾತಿಗೆ ಮುಖ ಗಂಟಿಕ್ಕಿದ್ದ ಮನುಷ್ಯ ಈಗ ಕೈ ಮುಗಿದು ಬಾಡಿಗೆ ಮನೆ ಕೇಳುತ್ತಿದ್ದರು. ಇದಕ್ಕೆ ಚಿಕ್ಕತಾಯಮ್ಮನೂ ಹೂಂ ಎಂದರು. ಕಣದ ರಾಶಿ ಪೂಜೆ ಒಂದು ಮುಗಿಯಲಿ, ಮನೆಯೊಡತಿ ಇಲ್ಲದೆ ರಾಶಿ ಎತ್ತುವಂತಿಲ್ಲ ಎಂದರು. ಪೂಜೆಗೆ ನಾಲ್ಕು ದಿನವಿತ್ತು. ನಾನು ಸ್ನೇಹಿತನಿಗೆ ತಂತಿ ಕೊಟ್ಟೆ. ಮೂರನೆಯ ದಿನ ಉತ್ತರ ಬಂತು: ಮನೆ ಸಿಕ್ಕಿದೆ, ಕರೆತನ್ನಿ.

ಬಸ್ಸಿನಲ್ಲಿ ಕಳಿಸುವಂತಿರಲಿಲ್ಲ. ಪೆಟ್ರೋಲ್ ಇಲ್ಲದೆ ಆಗ ಬಸ್ಸುಗಳು ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದವು. ಹಿಂದೆ ಒಂದು ಒಲೆ ಕಟ್ಟಿಕೊಂಡು ಹೊಗೆ ಬಿಡುತ್ತಾ ಹೋಗುವ ಆ ಬಸ್ಸು ಉಬ್ಬಸದವರಿಗೆ ಆಗುವ ಮಾತಲ್ಲ. ಗೌಡರು ಮಂಡ್ಯಕ್ಕೆ ಹೋಗಿ, ಯಾರ ಯಾರದೋ ಮನೆ ಬಾಗಿಲು ಕಾದು, ಪೆಟ್ರೋಲ್ ಕೂಪನ್ ಸಮೇತ ಒಂದು ಕಾರು ಗೊತ್ತು ಮಾಡಿದರು. ಸೋಮವಾರ ಬೆಳಿಗ್ಗೆ ಹೊರಡುವುದೆಂದಾಯಿತು. ಶುಕ್ರವಾರ ರಾಶಿ ಪೂಜೆ. ಚಿಕ್ಕತಾಯಮ್ಮ ಹೊಸ ಸೀರೆ ಉಟ್ಟು ಕಣಕ್ಕೆ ಇಳಿದರಂತೆ, ತಾವೇ ಮೊದಲ ಕೊಳಗ ಅಳೆದರಂತೆ.

ಶನಿವಾರ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ನನ್ನನ್ನು ಕರೆದೊಯ್ಯಲು ಗೌಡರ ಗಾಡಿ ಬಂತು. ನಾನು ಹೋದಾಗ ಆಕೆ ಕಂಬ ಹಿಡಿದು ಕೂತಿದ್ದರು. ತುಟಿ ನೀಲಿಯಾಗಿತ್ತು. ಮೊದಲ ಆಂಪ್ಯೂಲಿಗೆ ಉಸಿರು ಬಿಟ್ಟಿತು, ನನ್ನನ್ನು ನೋಡಿ ನಕ್ಕರು. ಮಧ್ಯಾಹ್ನಕ್ಕೆ ಮತ್ತೆ ಕಟ್ಟಿತು. ಎರಡನೆಯದಕ್ಕೆ ಅರ್ಧ ಬಿಟ್ಟಿತು, ಸಂಜೆಯ ಮೂರನೆಯದಕ್ಕೆ ಏನೂ ಆಗಲಿಲ್ಲ. ಉಬ್ಬಸ ಒಂದು ಹಂತ ದಾಟಿದರೆ ಅಡ್ರಿನಲಿನ್ ಕೂಡ ನಾಟುವುದಿಲ್ಲ. ಸ್ಟೇಟಸ್ ಆಸ್ತಮ್ಯಾಟಿಕಸ್ ಎಂದು ಅದಕ್ಕೆ ಹೆಸರು. ಆಕ್ಸಿಜನ್ ಬೇಕೆಂದರೆ ಮೈಸೂರಿಗೆ ಹೋಗಬೇಕು. ಮಂಡ್ಯದ ಕಾರಿಗೆ ಆಳು ಓಡಿಸಿದೆವು, ಅದು ಬೇರೆಲ್ಲಿಗೋ ಹೋಗಿದೆ, ಸೋಮವಾರಕ್ಕೇ ಬರುವುದು ಎಂದು ತಿಳಿಯಿತು. ಆ ಸ್ಥಿತಿಯಲ್ಲಿ ಗಾಡಿಯಲ್ಲಿ ಮಲಗಿಸಿಕೊಂಡು ಹೋದರೆ ಮದ್ದೂರಿನ ರೈಲನ್ನೂ ಮುಟ್ಟುತ್ತಿರಲಿಲ್ಲ. ನಾನು ಅಲ್ಲೇ ನಾಡಿ ಹಿಡಿದು ಕೂತೆ. ಕೈಯಲ್ಲಿ ಏನೂ ಇಲ್ಲದ ಡಾಕ್ಟರು ಕೂರುವುದಕ್ಕೆ ನಾಡಿ ಒಂದು ನೆಪ.

ಭಾನುವಾರ ಬೆಳಿಗ್ಗೆ ಬಿಸಿಲು ಪಡಸಾಲೆಗೆ ಬಂದಾಗ ಚಿಕ್ಕತಾಯಮ್ಮ ಗಂಡನನ್ನು ಕಣ್ಣಿನಲ್ಲೇ ಹತ್ತಿರ ಕರೆದರು. ಒಂದು ಉಸಿರಿಗೆ ಒಂದು ಮಾತು.

“ಬಾಕ್ಲು... ಯಾವ್... ಕಡೀಕೆ?”

ನನಗೆ ತಿಳಿಯಲಿಲ್ಲ. ಗೌಡರಿಗೆ ತಿಳಿಯಿತು. “ಮೂಡ್ಲ ಕಡೀಕೆ ಕಣಮ್ಮಿ. ಒತ್ತಾರೆ ಬಿಸ್ಲು ನೇರ ಒಳೀಕೆ ಬೀಳ್ತದೆ” ಎಂದರು. ಆಕೆ ತಲೆಯಾಡಿಸಿದರು. ನಾಲ್ಕನೆಯ ಆಂಪ್ಯೂಲನ್ನೂ ಕೊಟ್ಟೆ, ಉಪಯೋಗವಿಲ್ಲವೆಂದು ತಿಳಿದೇ ಕೊಟ್ಟೆ. ಹನ್ನೊಂದು ಗಂಟೆಗೆ ಪ್ರಾಣ ಹೋಯಿತು.

ಸೋಮವಾರ ಬೆಳಿಗ್ಗೆ ಹೇಳಿದ ಹೊತ್ತಿಗೆ ಸರಿಯಾಗಿ ಮಂಡ್ಯದ ಕಾರು ಬಂದು ಪಟೇಲರ ಮನೆ ಮುಂದೆ ನಿಂತಿತು. ಡ್ರೈವರಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಅವನು ಹಾರ್ನ್ ಹೊಡೆದ. ಜಗುಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದ ಗೌಡರು ಎದ್ದು ಹೋಗಿ ಅವನಿಗೆ ಏನೋ ಹೇಳಿ, ಅವನಿಗೆ ತಿಂಡಿ ಕೊಡಿ ಎಂದು ಒಳಗೆ ಕೂಗಿದರು. ಪಡಸಾಲೆಯ ಮೂಲೆಯಲ್ಲಿ ರಾಗಿ ಹಿಟ್ಟಿನ ಮೂಟೆ ಬಾಯಿ ಹೊಲಿದು ಹೊರಡಲು ತಯಾರಾಗಿತ್ತು.

ಮಾಘದ ಆ ಮುಹೂರ್ತ ಬಂದು ಹೋಯಿತು. ಗೌಡರು ಕರಾವಳಿಯ ಕಡೆ ತಲೆ ಹಾಕಲಿಲ್ಲ. ದಾರಿಯಲ್ಲಿ ಸಿಕ್ಕಿದರೆ ಕೈ ಮುಗಿಯುತ್ತಿದ್ದರು, ನಿಲ್ಲುತ್ತಿರಲಿಲ್ಲ. ನಾನೂ ನಿಲ್ಲಿಸುತ್ತಿರಲಿಲ್ಲ. ಮುಂದಿನ ಕಾರ್ತಿಕದಲ್ಲಿ ಒಂದು ದಿನ ದವಾಖಾನೆಗೆ ಬಂದು, ರೋಗಿಗಳೆಲ್ಲಾ ಹೋಗುವವರೆಗೆ ಬೆಂಚಿನ ಮೇಲೆ ಕಾದು, ಬೀಗದ ಕೈಯನ್ನು ಮೇಜಿನ ಮೇಲಿಟ್ಟರು.

“ಉಬ್ಬಸದೋರು ಯಾರಾರ ಇದ್ರೆ ಕಳ್ಸಿ ಸ್ವಾಮಿ. ಚಳಿ ಮುಗಿಯೋ ಗಂಟ ಇರ್ಲಿ.”

“ಸುಮ್ಮನೆ ಕೊಡುತ್ತೀರಾ?”

“ಸುಮ್ನೆ ಅಲ್ಲ. ಬಾಡ್ಗೆಗೆ. ಒಂದು ಚಳಿಗೆ ಒಂದು ತೆಂಗಿನಕಾಯಿ, ಆ ತ್ವಾಟದ್ದೇ. ನೀವು ಕಾಗ್ದ ಬರ್ದು ರುಜು ಹಾಕಿಸ್ಕಳಿ, ಬಾಡ್ಗೆ ಅಂತ್ಲೇ ಬರೀರಿ. ಧರ್ಮಕ್ಕೆ ಅಂದ್ರೆ ಒಳ್ಳೆ ದಿನ ನೋಡ್ತಾ ಕೂತ್ಕತಾರೆ. ಬಾಡ್ಗೆ ಅಂದ್ರೆ ಒಂಟೋಯ್ತಾರೆ.”

ಆ ವರ್ಷ ಮದ್ದೂರಿನ ಒಬ್ಬ ಸ್ಕೂಲ್ ಮೇಷ್ಟರನ್ನು ಕಳಿಸಿದೆ. ಧನುರ್ಮಾಸದ ಮೂರನೆಯ ದಿನ ಹೋಗಿ, ಒಂದು ದೀಪ ಹಚ್ಚಿ, ಒಳಗೆ ಮಲಗಿದರು. ಶಿವರಾತ್ರಿಗೆ ಕಾಯಿ ತಂದುಕೊಟ್ಟರು. ಅದಾದ ಮೇಲೆ ೧೯೪೭ರಲ್ಲಿ ನನಗೆ ವರ್ಗವಾಗುವವರೆಗೆ ಇನ್ನೂ ಮೂವರು ಹೋದರು. ಇಬ್ಬರಿಗೆ ಗುಣ ಕಂಡಿತು, ಒಬ್ಬರು ಅಲ್ಲಿಯ ಹವೆ ಹಿಡಿಸದೆ ಹದಿನೈದು ದಿನಕ್ಕೇ ವಾಪಸು ಬಂದರು. ಆದ್ದರಿಂದ ಹೋಗಿದ್ದರೆ ಚಿಕ್ಕತಾಯಮ್ಮ ಖಂಡಿತ ಬದುಕುತ್ತಿದ್ದರು ಎಂದು ನಾನು ಪ್ರಮಾಣ ಮಾಡಲಾರೆ. ಗೋಕರ್ಣದ ಆ ಹತ್ತು ದಿನ ಮಾತ್ರ ನನ್ನ ತಲೆಯಿಂದ ಹೋಗುವುದಿಲ್ಲ. ಗೌಡರು ಆ ಮನೆಗೆ ಹಾಲುಕ್ಕಿಸಲಿಲ್ಲ, ಮತ್ತೆ ಅದರ ಹೊಸಿಲು ತುಳಿಯಲೂ ಇಲ್ಲ.

ಅಂದಿನಿಂದ ನಿವೃತ್ತನಾಗುವವರೆಗೆ ನಾನು ಹೋದ ಊರಲ್ಲೆಲ್ಲಾ ಮೇಜಿನ ಮೇಲೆ ಸ್ಟೆತಾಸ್ಕೋಪಿನ ಪಕ್ಕ ಒಂದು ಪಂಚಾಂಗ ಇರುತ್ತಿತ್ತು. ಹೊಸದಾಗಿ ಬಂದ ಡಾಕ್ಟರುಗಳು ನನ್ನನ್ನು ನೋಡಿ ನಗುತ್ತಿದ್ದರು. ಆಪರೇಷನ್ ಎಂದಾಗಲಿ, ದೊಡ್ಡಾಸ್ಪತ್ರೆಗೆ ಹೋಗಿ ಎಂದಾಗಲಿ ಹೇಳುವ ಮುಂಚೆ ನಾನೇ ಅದನ್ನು ತೆರೆದು, ಯಾವುದು ಅಡ್ಡ ಬರುತ್ತದೆ ನೋಡಿಕೊಂಡು, “ಯಾವತ್ತು ಹೊರಡುತ್ತೀರಿ?” ಎಂದು ಕೇಳುತ್ತಿದ್ದೆ. ದಿನ ಹೇಳುವವರೆಗೆ ರೋಗಿಯನ್ನು ಏಳಲು ಬಿಡುತ್ತಿರಲಿಲ್ಲ. ಏನು ಮಾಡಬೇಕೆಂದು ಹೇಳಿದರೆ ಡಾಕ್ಟರ ಕೆಲಸ ಅರ್ಧ ಮಾತ್ರ ಆಯಿತು ಎಂಬುದನ್ನು ನಾನು ಕಲಿತದ್ದು ಆ ಮನೆಯಿಂದ.

ತಪ್ಪು ಔಷಧಿ ಕೊಟ್ಟದ್ದಿದೆ, ರೋಗ ತಿಳಿಯದೆ ಒದ್ದಾಡಿದ್ದಿದೆ, ಅವೆಲ್ಲಾ ಈ ವಯಸ್ಸಿಗೆ ಮಸುಕಾಗಿವೆ. ಆ ದಿನ ಆ ಕಾಗದ ಕೈಯಲ್ಲಿ ಹಿಡಿದು ನಾನು ನಗುತ್ತಾ ಹೇಳಿದ ಮಾತು ಮಾತ್ರ ಹಾಗೇ ಇದೆ: ಬಹಳ ಒಳ್ಳೆಯ ಕೆಲಸ ಮಾಡಿದಿರಿ ಗೌಡರೇ.